ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ: ಊಟ, ನೀರು ಮತ್ತು ಮನೆಯವರ ಹೊಣೆ

ಬೊಜ್ಜು ಈಗ ದೊಡ್ಡ ನಗರಗಳ ಸಮಸ್ಯೆಯಾಗಿ ಮಾತ್ರ ಉಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕ ಹೊಂದಿದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ಊಟದ ಹಿಡಿತ, ನಡಿಗೆ, ಔಷಧಿ ಸಾಕು. ಆದರೆ ತೂಕ ಬಹಳ ಹೆಚ್ಚಾಗಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಜೊತೆಗೂಡಿದವರಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು. ನಂಜನಗೂಡು, ತಿ. ನರಸೀಪುರದಂತಹ ಊರುಗಳ ಮನೆಗಳಲ್ಲೂ ಈಗ ಈ ಮಾತು ಕೇಳಿಬರುತ್ತಿದೆ.

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಶಸ್ತ್ರಚಿಕಿತ್ಸೆ ಮುಗಿಸಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ. ವೈದ್ಯರ ಕೆಲಸ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಇನ್ನುಳಿದದ್ದೆಲ್ಲ ಮನೆಯ ಅಡುಗೆಕೋಣೆಯಲ್ಲಿ, ದಸ್ತರ್‌ಖಾನ್‌ನ ಮೇಲೆ ನಡೆಯಬೇಕಾದದ್ದು. ಹೊಟ್ಟೆ ಒಂದೇ ದಿನದಲ್ಲಿ ಕಿರಿದಾಗುತ್ತದೆ. ಆದರೆ ತಿನ್ನುವ, ಕುಡಿಯುವ, ಬಡಿಸುವ ಅಭ್ಯಾಸಗಳು ಹಾಗೆ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಅವನ್ನು ಬದಲಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಒಳಗೆ ಏನು ಬದಲಾಗಿರುತ್ತದೆ?

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ 'ಲೈಪೊಸಕ್ಷನ್' ಬೇರೆ, ಇದು ಬೇರೆ. ಅದು ಅಂದಕ್ಕಾಗಿ ಮಾಡಿಸಿಕೊಳ್ಳುವಂಥದ್ದು. ಇಲ್ಲಿ ಹೇಳುತ್ತಿರುವುದು ಜಠರವನ್ನೇ ಕಿರಿದು ಮಾಡುವ ಚಿಕಿತ್ಸೆ. ಇದರಲ್ಲಿ ಮುಖ್ಯವಾಗಿ ಎರಡು ವಿಧ.

'ಸ್ಲೀವ್' ವಿಧಾನದಲ್ಲಿ ಜಠರದ ನಾಲ್ಕರಲ್ಲಿ ಮೂರು ಪಾಲಿನಷ್ಟನ್ನು ಕತ್ತರಿಸಿ ತೆಗೆಯುತ್ತಾರೆ. ರಸಬಾಳೆಯ ಊರಿನವರಿಗೆ ಇದನ್ನು ವಿವರಿಸುವುದು ಸುಲಭ: ಚೀಲದಂತಿದ್ದ ಜಠರ ಒಂದು ಬಾಳೆಹಣ್ಣಿನ ಆಕಾರದ ಕೊಳವೆಯಾಗುತ್ತದೆ. ಮೊದಲು ಒಂದು ಲೀಟರಿಗೂ ಹೆಚ್ಚು ಹಿಡಿಯುತ್ತಿದ್ದ ಜಾಗದಲ್ಲಿ ಈಗ ಹಿಡಿಯುವುದು 100ರಿಂದ 150 ಮಿಲಿ ಮಾತ್ರ, ಅಂದರೆ ಒಂದು ಸಣ್ಣ ಟೀ ಲೋಟದಷ್ಟು. ಹಸಿವು ಹುಟ್ಟಿಸುವ 'ಗ್ರೆಲಿನ್' ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೂ ಕಡಿಮೆಯಾಗುತ್ತದೆ.

'ಬೈಪಾಸ್' ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆಹಾರವು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಹೀರಿಕೊಳ್ಳುವ ಮುಖ್ಯ ಜಾಗ ಅದೇ. ಬಿ12 ಹೀರಿಕೆಗೂ ಜಠರದ ರಸಗಳ ನೆರವು ಬೇಕು. ಆದ್ದರಿಂದ ಇಂಥವರಲ್ಲಿ ಪೋಷಕಾಂಶಗಳ ಕೊರತೆಯ ಭಯ ಹೆಚ್ಚು.

ಮೊದಲ ಎಂಟು ವಾರ

ಕತ್ತರಿಸಿ ಹೊಲಿದ ಜಾಗ ಮಾಯಲು ಸಮಯ ಬೇಕು. ಆದುದರಿಂದ ಆಹಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕ ಸ್ವಲ್ಪ ವ್ಯತ್ಯಾಸವಾಗಬಹುದು. ನಿಮ್ಮ ವೈದ್ಯರು ಬರೆದುಕೊಟ್ಟ ಚೀಟಿಯೇ ಅಂತಿಮ. ಸಾಮಾನ್ಯ ಕ್ರಮ ಹೀಗಿದೆ:

ಮೊದಲ ಒಂದೆರಡು ದಿನ: ನೀರು, ಸೋಸಿದ ತೆಳು ಸೂಪು, ಬೇಳೆ ಕಟ್ಟಿನ ತಿಳಿಯಂತಹ ತಿಳಿದ್ರವಗಳು.

ಎರಡನೇ ವಾರ ಮುಗಿಯುವವರೆಗೆ: ಕೆನೆ ತೆಗೆದ ಹಾಲು, ಮಜ್ಜಿಗೆ, ಸೋಸಿದ ಬೇಳೆ ಕಟ್ಟು, ಸೋಸಿದ ಕೋಳಿ ಸೂಪು, ವೈದ್ಯರು ಹೇಳಿದ ಪ್ರೋಟೀನ್ ಪುಡಿ.

ಮೂರು ಮತ್ತು ನಾಲ್ಕನೇ ವಾರ: ಮಿಕ್ಸಿಯಲ್ಲಿ ನುಣ್ಣಗೆ ಅರೆದ ಆಹಾರ. ಬೇಳೆ, ತರಕಾರಿ, ಬೇಯಿಸಿದ ಕೋಳಿ, ಮೊಸರು, ಎಲ್ಲವೂ ಗಂಟಿಲ್ಲದೆ ಮೆತ್ತಗಿರಬೇಕು.

ಐದರಿಂದ ಎಂಟನೇ ವಾರ: ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಂತಹ ಮೆದು ಆಹಾರ. ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಕೊಚ್ಚಿದ ಖೀಮಾ, ಪನೀರ್, ಚೆನ್ನಾಗಿ ಬೆಂದ ತರಕಾರಿ.

ಅದರ ನಂತರ ನಿಧಾನವಾಗಿ ಮನೆಯ ಊಟ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ ತಿಂದು ನೋಡಬೇಕು. ಇವತ್ತು ಒಗ್ಗದ್ದು ಎರಡು ವಾರ ಬಿಟ್ಟು ಒಗ್ಗಬಹುದು.

"ಚೆನ್ನಾಗಿದ್ದೇನೆ, ನೋವಿಲ್ಲ" ಎಂದು ಎರಡನೇ ವಾರದಲ್ಲೇ ರೊಟ್ಟಿ ಮುರಿದು ಬಾಯಿಗೆ ಹಾಕುವವರಿದ್ದಾರೆ. ನೋವಿಲ್ಲ ಎಂದರೆ ಹೊಲಿಗೆ ಮಾದಿದೆ ಎಂದರ್ಥವಲ್ಲ. ಗಟ್ಟಿ ಆಹಾರ ಹೊಲಿಗೆಯ ಮೇಲೆ ಒತ್ತಡ ಹಾಕುತ್ತದೆ. ಮೊದಲ ವಾರಗಳಲ್ಲಿ ಜ್ವರ, ವೇಗದ ನಾಡಿಬಡಿತ, ತೀವ್ರ ಹೊಟ್ಟೆನೋವು, ಉಸಿರಾಟದ ಕಷ್ಟ ಕಂಡುಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಹೊಲಿಗೆ ಸೋರಿಕೆಯ ಸೂಚನೆಗಳು ಇವೇ.

ನೀರು ಬೇರೆ, ಊಟ ಬೇರೆ

ಊಟದ ನಡುವೆ ಲೋಟ ಎತ್ತಿ ನೀರು ಕುಡಿಯುವುದು ನಮ್ಮೆಲ್ಲರ ರೂಢಿ. ಶಸ್ತ್ರಚಿಕಿತ್ಸೆಯ ನಂತರ ಮೊದಲು ಬಿಡಬೇಕಾದ ಅಭ್ಯಾಸ ಇದೇ. ಪುಟ್ಟ ಜಠರದಲ್ಲಿ ನೀರು ಮತ್ತು ಅನ್ನ ಎರಡಕ್ಕೂ ಜಾಗವಿಲ್ಲ. ಜೊತೆಯಲ್ಲಿ ಕುಡಿದರೆ ಒಂದೋ ವಾಂತಿಯಾಗುತ್ತದೆ, ಇಲ್ಲವೇ ನೀರು ಆಹಾರವನ್ನು ಬೇಗ ಕೆಳಗೆ ತಳ್ಳಿ ಮತ್ತೆ ತಿನ್ನುವಂತಾಗುತ್ತದೆ. ಊಟಕ್ಕೆ 15ರಿಂದ 30 ನಿಮಿಷ ಮೊದಲು ನೀರು ನಿಲ್ಲಿಸಿ, ಊಟವಾಗಿ 30 ನಿಮಿಷದ ಮೇಲೆ ಮತ್ತೆ ಆರಂಭಿಸಿ.

ಹಾಗೆಂದು ನೀರು ಕಡಿಮೆಯಾಗಬಾರದು. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ ದೇಹಕ್ಕೆ ಬೇಕು. ಒಂದೇ ಸಲ ಒಂದು ಲೋಟ ಕುಡಿಯಲಾಗದವರು ಇಷ್ಟನ್ನು ಹೇಗೆ ಕುಡಿಯುವುದು? ಲೆಕ್ಕ ಹಾಕಿ ನೋಡಿ. ಒಂದು ಸಲಕ್ಕೆ 30 ಮಿಲಿ, ಅಂದರೆ ಎರಡು ದೊಡ್ಡ ಚಮಚದಷ್ಟು. ಇಂತಹ 50 ಗುಟುಕು ಸೇರಿದರೆ 1500 ಮಿಲಿ. ಅರ್ಧ ಲೀಟರಿನ ಬಾಟಲಿಯನ್ನು ಯಾವಾಗಲೂ ಕೈಯಳತೆಯಲ್ಲಿಟ್ಟುಕೊಂಡು, ಐದು-ಹತ್ತು ನಿಮಿಷಕ್ಕೊಮ್ಮೆ ಒಂದು ಗುಟುಕು ಕುಡಿದರೆ ದಿನಕ್ಕೆ ಮೂರು ಬಾಟಲಿ ಮುಗಿಯುತ್ತದೆ. ಕುಳಿತು, ನಿಧಾನವಾಗಿ, ನಡುವೆ ಉಸಿರು ಬಿಟ್ಟು ಕುಡಿಯುವ ಪ್ರವಾದಿಚರ್ಯೆಯನ್ನು ಮಕ್ಕಳಿಗೆ ಕಲಿಸುತ್ತೇವಲ್ಲ, ಇಲ್ಲಿ ಅದು ದೊಡ್ಡವರಿಗೆ ದಿನವಿಡೀ ಬೇಕಾಗುತ್ತದೆ.

ಗಾಳಿ ತುಂಬಿದ ಸೋಡಾ, ಕೋಲಾ ಬೇಡ. ಟೀ, ಕಾಫಿಯನ್ನು ಮೊದಲ ವಾರಗಳಲ್ಲಿ ಬಿಟ್ಟು, ಆಮೇಲೆ ಸಕ್ಕರೆಯಿಲ್ಲದೆ ಸ್ವಲ್ಪ ಕುಡಿಯಬಹುದು. ಮೂತ್ರ ಕಡು ಹಳದಿಯಾಗಿ ಬಂದರೆ, ಎದ್ದು ನಿಂತಾಗ ತಲೆ ತಿರುಗಿದರೆ ನೀರು ಸಾಲದು ಎಂದು ತಿಳಿಯಿರಿ.

ತಟ್ಟೆಯಲ್ಲಿ ಪ್ರೋಟೀನ್ ಮೊದಲು

ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿರುತ್ತದೆ, ಸಾರು ಅದರ ಮೇಲೆ, ಪಲ್ಯ ಪಕ್ಕದಲ್ಲಿ ಸ್ವಲ್ಪ. ಇನ್ನು ಮುಂದೆ ಈ ಕ್ರಮ ತಿರುವುಮುರುವಾಗಬೇಕು. ನಾಲ್ಕೇ ತುತ್ತಿಗೆ ಹೊಟ್ಟೆ ತುಂಬುವವರು ಆ ನಾಲ್ಕು ತುತ್ತನ್ನೂ ಅನ್ನಕ್ಕೇ ಕೊಟ್ಟರೆ ದೇಹ ಪ್ರೋಟೀನಿಗಾಗಿ ತನ್ನದೇ ಮಾಂಸಖಂಡವನ್ನು ಕರಗಿಸುತ್ತದೆ. ತೂಕ ಇಳಿಯುತ್ತದೆ, ಶಕ್ತಿಯೂ ಇಳಿಯುತ್ತದೆ. ಮೂರರಿಂದ ಆರು ತಿಂಗಳ ನಡುವೆ ಹೆಚ್ಚಿನವರಿಗೆ ಕೂದಲು ಉದುರುತ್ತದೆ. ಸಾಮಾನ್ಯವಾಗಿ ಅದು ಮತ್ತೆ ಬೆಳೆಯುತ್ತದೆ, ಆದರೆ ಪ್ರೋಟೀನ್, ಕಬ್ಬಿಣಾಂಶ ಸಾಲದಿದ್ದರೆ ಉದುರುವುದು ಮುಂದುವರಿಯುತ್ತದೆ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಗುರಿಯಾಗಿರಲಿ. ಮನೆಯ ಆಹಾರದಲ್ಲಿ ಸಿಗುವ ಅಂದಾಜು ಲೆಕ್ಕ ಇದು: ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಮಿಲಿ ಹಾಲಿನಲ್ಲಿ 6 ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 6-7 ಗ್ರಾಂ, 50 ಗ್ರಾಂ ಪನೀರಿನಲ್ಲಿ 9 ಗ್ರಾಂ, ಬೇಯಿಸಿದ 60 ಗ್ರಾಂ ಕೋಳಿಮಾಂಸದಲ್ಲಿ 15 ಗ್ರಾಂ. ಎರಡು ಮೊಟ್ಟೆ, ಎರಡು ಸಲ ಹಾಲು, ಒಂದು ಬಟ್ಟಲು ಬೇಳೆ, ಸ್ವಲ್ಪ ಪನೀರ್, ಎರಡು ಮೂರು ತುಂಡು ಕೋಳಿ ಸೇರಿದರೂ 55 ಗ್ರಾಂ ದಾಟುವುದು ಕಷ್ಟ. ಅದಕ್ಕಾಗಿಯೇ ವೈದ್ಯರು ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಸೂಚಿಸುತ್ತಾರೆ.

ದಿನದಲ್ಲಿ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಚಿಕ್ಕ ತಟ್ಟೆ, ಟೀ ಚಮಚ ಬಳಸಿ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ. ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷವಾಗಲಿ. ಎದೆಯ ನಡುವೆ ಬಿಗಿತ, ಬಿಕ್ಕಳಿಕೆ, ಮೂಗಿನಲ್ಲಿ ನೀರು ಸುರಿಯುವುದು 'ಸಾಕು' ಎಂದು ಹೊಟ್ಟೆ ಹೇಳುವ ಬಗೆ. ಅದರ ಮೇಲೆ ಒಂದು ತುತ್ತು ಹೆಚ್ಚಾದರೂ ವಾಂತಿಯಾದೀತು.

ಮುದ್ದೆ, ಬಿರಿಯಾನಿ, ಕಬ್ಬಿನ ಹಾಲು

ಮೈಸೂರು ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅಗಿಯದೆ ನುಂಗಿದ ಅಂಟು ಮುದ್ದೆ ಕಿರಿದಾದ ಜಠರದಲ್ಲಿ ಸಿಕ್ಕಿಕೊಳ್ಳಬಹುದು. ಆದರೆ ರಾಗಿಯನ್ನೇ ಬಿಡಬೇಕಿಲ್ಲ. ಧಾನ್ಯಗಳಲ್ಲೇ ಕ್ಯಾಲ್ಸಿಯಂ ಅತಿ ಹೆಚ್ಚಿರುವುದು ರಾಗಿಯಲ್ಲಿ, 100 ಗ್ರಾಂಗೆ 300 ಮಿಲಿಗ್ರಾಂಗಿಂತಲೂ ಹೆಚ್ಚು. ಅದನ್ನು ತೆಳು ಅಂಬಲಿ ಮಾಡಿ, ಮಜ್ಜಿಗೆ ಬೆರೆಸಿ ಕುಡಿಯಿರಿ. ಬೆಲ್ಲ, ಸಕ್ಕರೆ ಹಾಕಿದ ರಾಗಿ ಮಾಲ್ಟ್ ಬೇಡ.

ಬನ್ನೂರು ಕುರಿಯ ಮಾಂಸದ ರುಚಿ ತಿ. ನರಸೀಪುರ ತಾಲೂಕಿನವರಿಗೆ ಹೇಳಬೇಕಾಗಿಲ್ಲ. ಆದರೆ ಕೊಬ್ಬಿರುವ ಮಾಂಸ, ತುಪ್ಪದಲ್ಲಿ ಮಿಂದ ಬಿರಿಯಾನಿ, ಪಾಯಾ ಮೊದಲ ತಿಂಗಳುಗಳಲ್ಲಿ ಹೊಟ್ಟೆಗೆ ಭಾರ. ನಾರುನಾರಾದ ದೊಡ್ಡ ತುಂಡು ಗಂಟಲ ಕೆಳಗೆ ನಿಂತುಬಿಡುತ್ತದೆ. ಕೊಬ್ಬು ತೆಗೆದ ಮಾಂಸದ ಮೆತ್ತನೆಯ ಖೀಮಾ, ಬೇಳೆ ಹೆಚ್ಚಿರುವ ದಾಲ್ಚಾ, ಮೀನು ಒಳ್ಳೆಯದು. ಕುಷ್ಕಾ ಎರಡು ಚಮಚವಷ್ಟೇ, ಅದೂ ಕೊನೆಯಲ್ಲಿ.

ಸಿಹಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಬೈಪಾಸ್ ಆದವರು ಕಬ್ಬಿನ ಹಾಲು, ಶರಬತ್ತು, ಶೀರ್‌ಖುರ್ಮಾ, ಜಾಮೂನು ತಿಂದರೆ ಸಕ್ಕರೆ ಒಮ್ಮೆಗೇ ಕರುಳಿಗೆ ಸುರಿಯುತ್ತದೆ. ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಕಾಣಿಸಿಕೊಳ್ಳುತ್ತದೆ. ಇದನ್ನು 'ಡಂಪಿಂಗ್' ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ದಿಢೀರನೆ ಕುಸಿದು ನಡುಕ, ಕಣ್ಣುಕತ್ತಲೆ ಬರುತ್ತದೆ. ಸ್ಲೀವ್ ಆದವರಿಗೆ ಡಂಪಿಂಗ್ ಕಡಿಮೆ. ಆದರೆ ಪಾನಕ, ಐಸ್‌ಕ್ರೀಮ್, ಚಿಪ್ಸ್‌ಗಳು ಸುಲಭವಾಗಿ ಜಾರಿಹೋಗುವುದರಿಂದ ಇಳಿದ ತೂಕ ಮತ್ತೆ ಏರುವುದು ಹೆಚ್ಚಾಗಿ ಇವುಗಳಿಂದಲೇ.

ವಾಂತಿ ನಿಲ್ಲದಿದ್ದರೆ

ಈ ಭಾಗವನ್ನು ಮನೆಯ ಎಲ್ಲರೂ ಓದಬೇಕು.

ಒಮ್ಮೊಮ್ಮೆ ಬೇಗ ತಿಂದಾಗ ವಾಂತಿಯಾಗುವುದು ಸಹಜ. ಆದರೆ ದಿನಕ್ಕೆ ಹಲವು ಸಲ ವಾಂತಿಯಾಗುತ್ತಾ, ಎರಡು ಮೂರು ದಿನ ಏನೂ ಒಳಗೆ ನಿಲ್ಲದಿದ್ದರೆ ಅದು ಅಪಾಯ. ಬಿ1, ಅಂದರೆ ಥಯಾಮಿನ್ ಎಂಬ ಜೀವಸತ್ವ ದೇಹದಲ್ಲಿ ಕೆಲವು ವಾರಗಳಿಗೆ ಸಾಲುವಷ್ಟೇ ಸಂಗ್ರಹವಿರುತ್ತದೆ. ಆಹಾರ ನಿಲ್ಲದೆ ಹೋದರೆ ಅದು ಬರಿದಾಗುತ್ತದೆ. ಆಗ ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತಡವರಿಸುವುದು, ಕಾಲಿನಲ್ಲಿ ಜೋಮು, ಮಾತು ಮತ್ತು ನೆನಪು ಗೊಂದಲವಾಗುವುದು ಶುರುವಾಗುತ್ತದೆ. ತಡಮಾಡಿದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಪ್ರಾಣಕ್ಕೂ ಅಪಾಯ.

ನಮ್ಮ ಊರುಗಳಲ್ಲಿ ಸುಸ್ತು ಎಂದರೆ ಹತ್ತಿರದ ಕ್ಲಿನಿಕ್‌ಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಳ್ಳುವುದು ರೂಢಿ. ಥಯಾಮಿನ್ ಬರಿದಾದವರಿಗೆ ಬರೀ ಗ್ಲೂಕೋಸ್ ಏರಿಸಿದರೆ, ಅದನ್ನು ಬಳಸಿಕೊಳ್ಳಲು ಉಳಿದಿದ್ದ ಅಲ್ಪಸ್ವಲ್ಪ ಥಯಾಮಿನ್ ಕೂಡ ಖರ್ಚಾಗಿ ಸ್ಥಿತಿ ಕೆಡುತ್ತದೆ. ಮೊದಲು ಥಯಾಮಿನ್ ಚುಚ್ಚುಮದ್ದು, ಆಮೇಲೆ ಗ್ಲೂಕೋಸ್ ಎಂಬುದು ವೈದ್ಯಶಾಸ್ತ್ರದ ನಿಯಮ. ರೋಗಿಗೆ ಇಂತಹ ಶಸ್ತ್ರಚಿಕಿತ್ಸೆಯಾಗಿದೆ ಎಂಬುದೇ ಗೊತ್ತಿಲ್ಲದ ವೈದ್ಯರಿಗೆ ಇದು ಹೊಳೆಯದೆ ಹೋಗಬಹುದು. ಹೊಟ್ಟೆಯ ಮೇಲಿನ ಗುರುತುಗಳು ತೀರ ಸಣ್ಣವು, ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಮೊದಲ ಮಾತೇ ಇದಾಗಿರಲಿ: "ನನಗೆ ತೂಕ ಇಳಿಸುವ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿಯಾಗುತ್ತಿದೆ." ಆಪರೇಷನ್ ಮಾಡಿಸಿಕೊಂಡ ವಿಷಯವನ್ನು ನೆಂಟರಿಂದ ಮುಚ್ಚಿಟ್ಟರೂ ವೈದ್ಯರಿಂದ ಮುಚ್ಚಿಡಬೇಡಿ.

ಮಾತ್ರೆಗಳು ಜೀವನಪರ್ಯಂತ

ತೂಕ ಇಳಿದು, ಸಕ್ಕರೆ ಹತೋಟಿಗೆ ಬಂದು, ಮೈ ಹಗುರಾದ ಮೇಲೆ "ಇನ್ನೇಕೆ ಮಾತ್ರೆ?" ಅನಿಸುತ್ತದೆ. ಬಿ12 ಕೊರತೆ ತೋರಲು ಒಂದೆರಡು ವರ್ಷವೇ ಬೇಕಾಗಬಹುದು. ಮೂಳೆ ಸವೆಯುವುದು ಇನ್ನೂ ನಿಧಾನ. ತೋರುವ ಹೊತ್ತಿಗೆ ತಡವಾಗಿರುತ್ತದೆ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಜೀವನಪರ್ಯಂತ ತೆಗೆದುಕೊಳ್ಳಬೇಕು. ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ ಕಬ್ಬಿಣಾಂಶ ಹೆಚ್ಚು ಬೇಕು. ಕಬ್ಬಿಣದ ಮಾತ್ರೆಯನ್ನು ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ಸೇರಿಸಬೇಡಿ, ಎರಡು ಗಂಟೆ ಅಂತರವಿರಲಿ.

ಕ್ಯಾಪ್ಸೂಲಿನ ಹೊದಿಕೆಯ ಜೆಲಾಟಿನ್ ಪ್ರಾಣಿಜನ್ಯವೆಂಬ ಕಾರಣಕ್ಕೆ ಕೆಲವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಬಿಡಬೇಕಿಲ್ಲ. ಬಹುತೇಕ ಎಲ್ಲವೂ ಮಾತ್ರೆ, ಸಿರಪ್, ಸಸ್ಯಜನ್ಯ ಕ್ಯಾಪ್ಸೂಲ್ ಅಥವಾ ಇಂಜೆಕ್ಷನ್ ರೂಪದಲ್ಲೂ ಸಿಗುತ್ತವೆ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳಿ.

ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂತಹ ಗುಳಿಗೆಗಳು ಬೈಪಾಸ್ ಆದವರ ಜಠರದಲ್ಲಿ ಹುಣ್ಣು ಮಾಡುತ್ತವೆ. ಬೀಡಿ, ಸಿಗರೇಟು, ಗುಟ್ಕಾ ಕೂಡ ಬೇಡ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಔಷಧಿಯ ಪ್ರಮಾಣ ಬೇಗ ಕಡಿಮೆ ಮಾಡಬೇಕಾಗಬಹುದು, ಹಳೆಯ ಚೀಟಿಯಂತೆಯೇ ನುಂಗುತ್ತಿದ್ದರೆ ಸಕ್ಕರೆ ಕುಸಿಯುತ್ತದೆ. ಗರ್ಭಧಾರಣೆಯನ್ನು 12ರಿಂದ 18 ತಿಂಗಳು ಮುಂದೂಡಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದರಿಂದ ಈ ಬಗ್ಗೆ ದಂಪತಿಗಳು ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು.

ರಕ್ತಪರೀಕ್ಷೆ 3, 6, 12ನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ., ತಿ. ನರಸೀಪುರದಿಂದ ಸುಮಾರು 30 ಕಿ.ಮೀ. ಒಂದು ಬಸ್ಸಿನ ದಾರಿ. ಆರೋಗ್ಯವಾಗಿದ್ದೇವೆ ಎಂದು ಈ ಭೇಟಿಯನ್ನು ತಪ್ಪಿಸಬೇಡಿ.

ರಮಝಾನ್ ಬಂದಾಗ

"ನಾನು ಉಪವಾಸ ಹಿಡಿಯಬಹುದೇ?" ಎಂಬುದು ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ. ನಮ್ಮ ಭಾಗದಲ್ಲಿ ಉಪವಾಸ ಸುಮಾರು 13 ಗಂಟೆ. ಉಳಿಯುವುದು 11 ಗಂಟೆ. ಅದರಲ್ಲಿ ನಿದ್ದೆ, ನಮಾಝ್, ಎರಡು ಮೂರು ಸಲ ಊಟ, ಪ್ರತಿ ಊಟದ ಹಿಂದೆ ಮುಂದೆ ನೀರಿಲ್ಲದ ಅವಧಿ. ಐದು ನಿಮಿಷಕ್ಕೊಂದರಂತೆ 50 ಗುಟುಕಿಗೆ ನಾಲ್ಕು ಗಂಟೆಗೂ ಹೆಚ್ಚು ಬೇಕು. ಹೊಸದಾಗಿ ಆಪರೇಷನ್ ಆದವರಿಗೆ ಇದು ಆಗದ ಮಾತು. ಮೊದಲ ಒಂದು ವರ್ಷ ಉಪವಾಸ ಬೇಡ, 12ರಿಂದ 18 ತಿಂಗಳ ನಂತರ ಪರೀಕ್ಷೆ ಮಾಡಿಸಿ ನಿರ್ಧರಿಸಿ ಎಂಬುದು ಹೆಚ್ಚಿನ ತಜ್ಞರ ಸಲಹೆ. ಬೈಪಾಸ್ ಆದವರು, ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು.

ರೋಗಿಗೆ ಉಪವಾಸ ಬಿಟ್ಟು ನಂತರದ ದಿನಗಳಲ್ಲಿ ತೀರಿಸಲು ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯವೇ ಅನುಮತಿ ಕೊಟ್ಟಿದೆ. ಈ ರಿಯಾಯಿತಿಯನ್ನು ಸ್ವೀಕರಿಸುವುದರಲ್ಲಿ ಸಂಕೋಚವೇನೂ ಬೇಡ. ದೇಹದ ಸ್ಥಿತಿಯ ಬಗ್ಗೆ ವೈದ್ಯರನ್ನು, ಕಝಾ ಮತ್ತು ಫಿದಿಯಾದ ಬಗ್ಗೆ ವಿದ್ವಾಂಸರನ್ನು ಕೇಳಿ.

ಅನುಮತಿ ಸಿಕ್ಕವರು ಇಫ್ತಾರಿಗೆ ಅರ್ಧ ಖರ್ಜೂರವನ್ನು ಚೆನ್ನಾಗಿ ಅಗಿದು, ಒಂದೆರಡು ಗುಟುಕು ನೀರು ಕುಡಿಯಲಿ. ದೊಡ್ಡ ಜಾತಿಯ ಒಂದು ಖರ್ಜೂರದಲ್ಲೇ 15 ಗ್ರಾಂನಷ್ಟು ಸಕ್ಕರೆಯಿರುತ್ತದೆ ಎಂಬುದು ನೆನಪಿರಲಿ. ಮಗ್ರಿಬ್ ನಮಾಝಿನ ನಂತರ ಸೋಸಿದ ಸೂಪು ಅಥವಾ ತೆಳು ಗಂಜಿ, ಸ್ವಲ್ಪ ಹೊತ್ತಿನ ಮೇಲೆ ಪ್ರೋಟೀನ್ ಇರುವ ಊಟ. ಸಮೋಸ, ಪಕೋಡ, ಶರಬತ್ತು ಬೇಡ. ತರಾವೀಹ್‌ಗೆ ನೀರಿನ ಬಾಟಲಿ ಜೊತೆಯಲ್ಲಿರಲಿ. ಸಹರಿ ಬಿಡಬಾರದು. ತಲೆಸುತ್ತು, ನಡುಕ, ಎದೆಬಡಿತ ಕಂಡರೆ ಉಪವಾಸ ಮುರಿಯಬೇಕು.

ಬಡಿಸುವವರ ಹೊಣೆ

ನಮ್ಮಲ್ಲಿ ಪ್ರೀತಿ ತೋರುವುದು ಬಡಿಸಿ. "ತಗೊಳ್ಳಿ ಆಪಾ, ನಮ್ಮ ಮನೆಗೆ ಬಂದು ಇಷ್ಟೇನಾ? ಇದೊಂದು ತುಂಡು" ಎಂದು ದಾವತ್ತಿನಲ್ಲಿ ತಟ್ಟೆಗೆ ಹಾಕುವ ಖಾಲಾ, ಚಾಚಿಯರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಆ ಒಂದು ತುಂಡು ತಿಂದವರು ಬಚ್ಚಲಮನೆಗೆ ಓಡಬೇಕಾಗುತ್ತದೆ. ತಿನ್ನದೆ ಬಿಟ್ಟರೆ "ಇವಳಿಗೆ ನಮ್ಮ ಊಟ ರುಚಿಸಲಿಲ್ಲ" ಎಂಬ ಮಾತು. ಕೆಲವರು ಇದಕ್ಕೆ ಹೆದರಿ ಮದುವೆ, ವಲೀಮಾಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಮನೆಯ ಮಂದಿ ಮೊದಲೇ ಒಂದು ಮಾತು ಹೇಳಿಟ್ಟರೆ ಈ ಮುಜುಗರ ತಪ್ಪುತ್ತದೆ: "ಅವರಿಗೆ ಹೊಟ್ಟೆಯ ಆಪರೇಷನ್ ಆಗಿದೆ, ಒತ್ತಾಯ ಮಾಡಬೇಡಿ."

ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಗೊತ್ತಿದೆ. ಮಿತಿಯಲ್ಲಿ ತಿನ್ನುವವರನ್ನು ಹಾಗೆಯೇ ಬಿಡುವುದೂ ಆ ಬೋಧನೆಯನ್ನು ಪಾಲಿಸಿದಂತೆ. ಒಬ್ಬರಿಗಾಗಿ ಬೇರೆ ಅಡುಗೆ ಮಾಡುವ ಬದಲು ಎಣ್ಣೆ, ಸಕ್ಕರೆ ತಗ್ಗಿಸಿ ಎಲ್ಲರೂ ಅದನ್ನೇ ತಿಂದರೆ ಮನೆಯ ಮಕ್ಕಳಿಗೂ ಬೊಜ್ಜಿನಿಂದ ರಕ್ಷಣೆ.

ಪರ್ಸಿನಲ್ಲಿ ಇರಲೇಬೇಕಾದ ಚೀಟಿ

ಒಂದು ಕಾಗದದಲ್ಲಿ ಇಷ್ಟನ್ನು ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಯಾವಾಗಲೂ ಜೊತೆಯಲ್ಲಿಟ್ಟುಕೊಳ್ಳಿ. ಇದರ ಇನ್ನೊಂದು ಪ್ರತಿ ಮನೆಯ ಫ್ರಿಜ್ಜಿನ ಮೇಲಿರಲಿ:

1. ಯಾವ ಆಪರೇಷನ್, ಸ್ಲೀವ್ ಅಥವಾ ಬೈಪಾಸ್, ಮಾಡಿದ ದಿನಾಂಕ.
2. ಆಸ್ಪತ್ರೆ ಮತ್ತು ವೈದ್ಯರ ಫೋನ್ ನಂಬರ್.
3. ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು.
4. "ವಾಂತಿ ಹೆಚ್ಚಾಗಿದ್ದರೆ ಗ್ಲೂಕೋಸ್‌ಗಿಂತ ಮೊದಲು ಥಯಾಮಿನ್ ಬಗ್ಗೆ ದಯವಿಟ್ಟು ಯೋಚಿಸಿ."
5. "ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾದರಿಯ ನೋವಿನ ಗುಳಿಗೆ ಬೇಡ."
6. ಮುಂದಿನ ರಕ್ತಪರೀಕ್ಷೆಯ ತಾರೀಕು.